ಪ್ರಿನ್ಸೆನ್‌ಗ್ರಾಖ್ಟಿನ ಹಳೆಯ ಕಾಲುವೆ ಮನೆಯಲ್ಲಿ ನೆಲಮಹಡಿ ಕೊಳ್ಳಬಹುದೇ? ಬಲ್ಲವರು ತಿಳಿಸಿ

ಬಾಡಿಗೆದಾರ

ಎಲ್ಲರಿಗೂ ನಮಸ್ಕಾರ. ನಾವು ಬಹಳ ವರ್ಷಗಳಿಂದ ಆಮ್‌ಸ್ಟರ್‌ಡ್ಯಾಮಿನ ಪಕ್ಕದ ಊರಾದ ಆಮ್‌ಸ್ಟೆಲ್‌ವೀನಿನಲ್ಲಿ ಬಾಡಿಗೆಗೆ ಇದ್ದೇವೆ. ಮಗಳು ಓದಿಗೆಂದು ಬೇರೆ ಊರಿಗೆ ಹೋದ ಮೇಲೆ, ಕೊಳ್ಳುವುದಾದರೆ ಆಮ್‌ಸ್ಟರ್‌ಡ್ಯಾಮಿನ ನಡುಮಧ್ಯದಲ್ಲೇ ಕೊಳ್ಳೋಣವೆಂದು ನಾನೂ ನನ್ನ ಹೆಂಡತಿಯೂ ಹುಡುಕುತ್ತಿದ್ದೆವು. ಪ್ರಿನ್ಸೆನ್‌ಗ್ರಾಖ್ಟ್ ಕಾಲುವೆಯ ದಡದ ಒಂದು ಮನೆ ಇಬ್ಬರಿಗೂ ಹಿಡಿಸಿದೆ. 17ನೇ ಶತಮಾನದ ಕಟ್ಟಡ, ರಾಷ್ಟ್ರೀಯ ಸ್ಮಾರಕಗಳ ಪಟ್ಟಿಯಲ್ಲಿದೆ, ಈಗ ನಾಲ್ಕು ಮನೆಗಳಾಗಿ ಭಾಗವಾಗಿದೆ. ಮಾರಾಟಕ್ಕೆ ಇರುವುದು ನೆಲಮಹಡಿ, ಅದರ ಕೆಳಗಿನ ಅರೆನೆಲಮಾಳಿಗೆ ಮತ್ತು ಹಿಂದಿನ ಪುಟ್ಟ ತೋಟ; ಒಟ್ಟು 95 ಚದರ ಮೀಟರ್, ಕೇಳುತ್ತಿರುವ ಬೆಲೆ 11 ಲಕ್ಷ ಯೂರೋ.

ಹಿಂಭಾಗದ ಕೋಣೆಯ ಚಾವಣಿಯಲ್ಲಿ ಬಣ್ಣದ ಚಿತ್ತಾರವಿರುವ ಹಳೆಯ ತೊಲೆಗಳಿವೆ. ಆ ಕೋಣೆಯ ಬಾಗಿಲಿನ ಮೇಲ್ತುದಿಯನ್ನು ಮಾತ್ರ ಓರೆಯಾಗಿ ಕೊಯ್ದು ಚೌಕಟ್ಟಿಗೆ ಹೊಂದಿಸಿದ್ದಾರೆ. ಎಡಬದಿಯ ಗೋಡೆಯ ಕಡೆಗೆ ನೆಲವೂ ಇಳಿಜಾರಾಗಿದೆ. ಕೇಳಿದರೆ, ಈ ಊರಿನ ಮನೆಗಳೆಲ್ಲ ಹೀಗೆಯೇ ಎಂದು ಮಾರಾಟದ ಮಾಕೆಲಾರ್ (ಮನೆ ದಲ್ಲಾಳಿ) ನಕ್ಕುಬಿಟ್ಟರು. ಇದು ನಕ್ಕು ಬಿಡುವ ವಿಷಯವೇ? ಅಡುಗೆಮನೆಯನ್ನು ಹಿಂದಕ್ಕೆ ಸ್ಥಳಾಂತರಿಸಲು ಸ್ಮಾರಕದಲ್ಲಿ ಅನುಮತಿ ಸಿಗುತ್ತದೆಯೇ? ಅಲ್ಲಿನ ಜನಜಂಗುಳಿಯಲ್ಲಿ ನಿತ್ಯದ ಬದುಕು ಹೇಗಿರುತ್ತದೆ?

ಇಟ್ಟಿಗೆ ಗಾರೆ

ಚಿತ್ತಾರದ ತೊಲೆಗಳನ್ನು ಒಂದು ಕ್ಷಣ ಮರೆಯಿರಿ ಸರ್. ನೀವು ಬರೆದದ್ದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಓರೆಯಾಗಿ ಕೊಯ್ದ ಆ ಬಾಗಿಲು. ನಾನು ಈ ದೇಶದಲ್ಲಿ ಕಟ್ಟಡ ಎಂಜಿನಿಯರ್ ಆಗಿ ಕೆಲಸ ಮಾಡುತ್ತಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಆಮ್‌ಸ್ಟರ್‌ಡ್ಯಾಮಿನ ಹಳೆಯ ಭಾಗದ ನೆಲವೆಂದರೆ ಮೆತ್ತಗಿನ ಸಸ್ಯಮಣ್ಣು ಮತ್ತು ಜೇಡಿಮಣ್ಣಿನ ಪದರಗಳು. ಭಾರ ಹೊರಬಲ್ಲ ಮೊದಲ ಮರಳಿನ ಪದರ ಸಿಗುವುದು ಸುಮಾರು 12 ಮೀಟರ್ ಆಳದಲ್ಲಿ. ಅಲ್ಲಿಯವರೆಗೆ ಪೈನ್ ಜಾತಿಯ ಮರದ ಪೈಲುಗಳನ್ನು, ಅಂದರೆ ಉದ್ದನೆಯ ಕಂಬಗಳನ್ನು, ಜೋಡಿ ಜೋಡಿಯಾಗಿ ಹೊಡೆದು, ಪ್ರತಿ ಜೋಡಿಯ ತಲೆಯ ಮೇಲೆ ಅಡ್ಡತೊಲೆ ಇಟ್ಟು, ಅದರ ಮೇಲೆ ಉದ್ದಕ್ಕೆ ದಪ್ಪ ಹಲಗೆ ಹಾಸಿ, ಆ ಹಲಗೆಯಿಂದ ಇಟ್ಟಿಗೆ ಗೋಡೆಯನ್ನು ಎಬ್ಬಿಸಿದ್ದಾರೆ. ಡ್ಯಾಮ್ ಚೌಕದ ಅರಮನೆ 13,659 ಪೈಲುಗಳ ಮೇಲೆ ನಿಂತಿದೆ ಎಂದು ಇಲ್ಲಿನ ಶಾಲೆಯ ಮಕ್ಕಳೂ ಹೇಳುತ್ತಾರೆ. ಮರವೆಂಬ ಕಾರಣಕ್ಕೆ ಹೆದರಬೇಕಾಗಿಲ್ಲ. ಪೈಲಿನ ತಲೆ ಸದಾ ಅಂತರ್ಜಲದೊಳಗೆ ಮುಳುಗಿದ್ದರೆ ಶಿಲೀಂಧ್ರ ಹತ್ತುವುದಿಲ್ಲ. ಹತ್ತಿರದ ಒಳಚರಂಡಿ ಕೊಳವೆ ಸೀಳಿ ನೀರನ್ನು ಎಳೆದುಕೊಂಡರೆ ಅಥವಾ ಬೇಸಿಗೆಯಲ್ಲಿ ಅಂತರ್ಜಲ ಇಳಿದರೆ ತಲೆಗೆ ಗಾಳಿ ತಾಗಿ ಕೊಳೆಯಲಾರಂಭಿಸುತ್ತದೆ. ನೀರಿನಡಿಯಲ್ಲಿದ್ದರೂ ಕೆಲವು ಬ್ಯಾಕ್ಟೀರಿಯಾಗಳು ಪೈನ್ ಮರದ ಹೊರಪದರವನ್ನು ನಿಧಾನವಾಗಿ ಮೆತ್ತಗೆ ಮಾಡುವುದುಂಟು.

ಈಗ ಬಾಗಿಲಿಗೆ ಬರೋಣ. ಕೊಯ್ದ ಅಂಚಿನ ಮೇಲೆ ಬಣ್ಣದ ಹಲವು ಪದರಗಳು ಕೂತಿದ್ದು, ಗೋಡೆಯ ಬಿರುಕುಗಳ ಅಂಚು ಮೊಂಡಾಗಿ ದೂಳು ತುಂಬಿದ್ದರೆ ಆ ಕುಸಿತ ಹಳೆಯದು, ಬಹುಶಃ ನಿಂತೂ ಹೋಗಿದೆ. ಕೊಯ್ದ ಮರ ಇನ್ನೂ ಬಿಳಿಯಾಗಿದ್ದು, ಹೊಸ ಗಿಲಾವಿನಲ್ಲೇ ಚೂಪು ಅಂಚಿನ ಬಿರುಕು ಬಿಟ್ಟಿದ್ದರೆ ಮನೆ ಈಗಲೂ ಇಳಿಯುತ್ತಿದೆ. ಕಣ್ಣಳತೆಯ ಮೇಲೆ ಹಣ ಹಾಕಬೇಡಿ, ಅಡಿಪಾಯದ ಪರೀಕ್ಷಾ ವರದಿಯನ್ನು ಕೇಳಿ. ಗುಂಡಿ ತೋಡಿ ಪೈಲಿನ ತಲೆಯನ್ನು ಬಯಲು ಮಾಡಿ ಮರ ಎಷ್ಟು ಆಳ ಮೆತ್ತಗಾಗಿದೆ ಎಂದು ಅಳೆದಿರಬೇಕು. ಇಟ್ಟಿಗೆ ಸಾಲಿನ ಗಾರೆಗೆರೆ ಎಷ್ಟು ಓರೆಯಾಗಿದೆ ಎಂಬ ಲೆಕ್ಕವೂ, ವರ್ಷದಿಂದ ವರ್ಷಕ್ಕೆ ಮಟ್ಟ ಎಷ್ಟು ಇಳಿದಿದೆ ಎಂಬ ಅಳತೆಯೂ ಇರಬೇಕು. ಇನ್ನೆಷ್ಟು ವರ್ಷ ಈ ಅಡಿಪಾಯವನ್ನು ನಂಬಬಹುದು ಎಂದು ಆ ವರದಿ ಹೇಳುತ್ತದೆ.

ತೊಟ್ಟಿಕ್ಕುವ ನಲ್ಲಿ

ನಾಲ್ಕು ದಿನ ಬಿಡದೆ ಮಳೆ ಸುರಿದ ಮೇಲೆ ಹೋಗಿ ಅರೆನೆಲಮಾಳಿಗೆಯ ಮೂಲೆಗಳನ್ನು ಮೂಸಿ ನೋಡಿ; ಉಳಿದದ್ದನ್ನು ಆಮೇಲೆ ಮಾತನಾಡೋಣ.

ಯೊರ್ದಾನ್ ನಿವಾಸಿ

ಇಟ್ಟಿಗೆ ಗಾರೆಯವರು ಹೆದರಿಸುವುದು ಸ್ವಲ್ಪ ಹೆಚ್ಚಾಯಿತು. ನಾನು ಪಕ್ಕದ ಯೊರ್ದಾನ್ ಬಡಾವಣೆಯಲ್ಲಿ ಇಂಥದ್ದೇ ಹಳೆಯ ಮನೆಯಲ್ಲಿದ್ದೇನೆ. ನಮ್ಮ ಊಟದ ಮೇಜಿನ ಎರಡು ಕಾಲುಗಳ ಕೆಳಗೆ ಮರದ ಚಕ್ಕೆ ಇಟ್ಟಿದ್ದೇವೆ, ಅಷ್ಟೇ. ನಾಲ್ಕು ಶತಮಾನ ನಿಂತ ಕಟ್ಟಡ ನೀವು ಕೊಂಡ ಮರುದಿನವೇ ಕುಸಿಯುವುದಿಲ್ಲ. ಈ ಊರಿನ ಮನೆಗಳನ್ನು ಮುಂದಕ್ಕೆ ವಾಲಿಸಿಯೇ ಕಟ್ಟಿದ್ದಾರೆ. ಅಗಲಕ್ಕೆ ತೆರಿಗೆ ಹಾಕುತ್ತಿದ್ದರೆಂದು ಕಿರಿದಾಗಿಯೂ ಕಟ್ಟಿದ್ದಾರೆ. ಓರೆ ಎಂಬುದು ಇಲ್ಲಿ ದೋಷವಲ್ಲ.

ಇಟ್ಟಿಗೆ ಗಾರೆ

ಯೊರ್ದಾನ್‌ನವರೇ, ಮುಂದಕ್ಕೆ ವಾಲುವುದು ಬೇರೆ, ಪಕ್ಕಕ್ಕೆ ಇಳಿಯುವುದು ಬೇರೆ. ಮನೆಯ ನೆತ್ತಿಯಲ್ಲಿ ಹೊರಕ್ಕೆ ಚಾಚಿದ ತೊಲೆಯ ಕೊಕ್ಕೆಗೆ ಹಗ್ಗ ಕಟ್ಟಿ ಸರಕನ್ನು ಅಟ್ಟಕ್ಕೆ ಎಳೆಯುವಾಗ ಅದು ಗೋಡೆಗೆ ಬಡಿಯಬಾರದೆಂದು ಮುಂಗೋಡೆಯನ್ನು ವಾಲಿಸುತ್ತಿದ್ದರು; ಅದನ್ನು ಒಪ್ಪುತ್ತೇನೆ. ಆದರೆ ಕೋಣೆಯ ನೆಲ ನೆರೆಮನೆಯ ಕಡೆಗೆ ಇಳಿಜಾರಾಗಲಿ ಎಂದು ಯಾವ ಮೇಸ್ತ್ರಿಯೂ ಕಟ್ಟಲಿಲ್ಲ. ನಾಲ್ಕು ಶತಮಾನ ನಿಂತಿರುವುದನ್ನು ನೀವು ಎಣಿಸುತ್ತೀರಿ, ನಡುವೆ ಅಡಿಪಾಯವನ್ನೇ ಹೊಸದಾಗಿ ಹಾಕಿಸಿಕೊಂಡ ಮನೆಗಳನ್ನೂ, ಕೆಡವಿ ಮತ್ತೆ ಕಟ್ಟಿದ ಮನೆಗಳನ್ನೂ ಎಣಿಸುವುದಿಲ್ಲ.

ಹಳೆಯ ನಕಾಶೆ

ಅಗಲದ ತೆರಿಗೆಯ ಕಥೆಯನ್ನು ದೋಣಿಯಲ್ಲಿ ಕೂರಿಸಿ ಹೇಳುವ ಮಾರ್ಗದರ್ಶಿಗಳಿಂದ ಎಲ್ಲರೂ ಕೇಳಿರುತ್ತಾರೆ, ಅದನ್ನು ಪೂರ್ತಿ ನಂಬಬೇಡಿ. 1613ರಿಂದ ಕಾಲುವೆಗಳನ್ನು ತೋಡುತ್ತಾ ಹೋದಂತೆ ನಗರವೇ ದಡದ ನೆಲವನ್ನು ನಿವೇಶನಗಳಾಗಿ ಗೆರೆ ಹಾಕಿ ಹರಾಜಿನಲ್ಲಿ ಮಾರಿತು. ಆ ಕಾಲುವೆಗಳಲ್ಲೊಂದಾದ ಹೆರೆನ್‌ಗ್ರಾಖ್ಟ್ ದಡದ ನಿವೇಶನದ ಅಗಲ ಸಾಮಾನ್ಯವಾಗಿ 30 ಆಮ್‌ಸ್ಟರ್‌ಡ್ಯಾಮ್ ಅಡಿ, ಅಂದರೆ ಸುಮಾರು ಎಂಟೂವರೆ ಮೀಟರ್. ನೀರಿನ ದಡಕ್ಕೆ ಬೇಡಿಕೆ ಹೆಚ್ಚಿದ್ದರಿಂದ ನಿವೇಶನ ಕಿರಿದಾಗಿ ಆಳಕ್ಕೆ ಹೋಯಿತು. ಹಣವಿದ್ದವರು ಅಕ್ಕಪಕ್ಕದ ಎರಡು ನಿವೇಶನ ಕೊಂಡು ಇಮ್ಮಡಿ ಅಗಲದ ಮನೆ ಕಟ್ಟಿದರು, ಹೆರೆನ್‌ಗ್ರಾಖ್ಟಿನ 'ಚಿನ್ನದ ತಿರುವು' ಎಂಬ ಸಿರಿವಂತರ ಮನೆಸಾಲು ಹಾಗೆ ಹುಟ್ಟಿತು. ನೀರಿಗೆ ಮುಖ ಮಾಡಿದ ಭಾಗದ ಅಗಲವನ್ನು ಆಧರಿಸಿ ಕೆಲವು ಶುಲ್ಕಗಳಿದ್ದವು ನಿಜ, ಆದರೆ ಕಿರಿದಾದ ಮನೆಗಳಿಗೆಲ್ಲ ಅದೊಂದೇ ಕಾರಣವಲ್ಲ.

ಅಟ್ಟಕ್ಕೆ ಏರಿಸುತ್ತಿದ್ದ ಸರಕಿನ ಮಾತು ಬಂದದ್ದರಿಂದ ಒಂದು ಮಾತು ಸೇರಿಸುತ್ತೇನೆ: ಡಚ್ ಈಸ್ಟ್ ಇಂಡಿಯಾ ಕಂಪನಿಗೆ ನಮ್ಮ ಬಸ್ರೂರಿನಲ್ಲಿಯೂ ಕೋಠಿ ಇತ್ತು, ಕರಾವಳಿಯ ಅಕ್ಕಿ ಮತ್ತು ಮೆಣಸಿನ ವ್ಯಾಪಾರ ಅಲ್ಲಿಂದ ನಡೆಯುತ್ತಿತ್ತು.

ಕುಂದಾಪ್ರದ ಕೂಸು

ಹಾಗಾದರೆ ಆ ಮನೆಯ ಮೇಲೆ ನಮ್ಮ ಊರಿನವರಿಗೂ ಸ್ವಲ್ಪ ಹಕ್ಕಿದೆ ಎಂದಾಯಿತು, ಬೆಲೆಯಲ್ಲಿ ರಿಯಾಯಿತಿ ಕೇಳಿ ನೋಡಿ.

ಲೆಕ್ಕಿಗ

ರಿಯಾಯಿತಿ ಬಿಡಿ, ಹೇಳಿದ ಬೆಲೆಗಿಂತ ಹೆಚ್ಚು ಕೊಡಲು ತಯಾರಾಗಿರಿ. ಇಲ್ಲಿ ಬ್ಯಾಂಕು ಮನೆಯ ಅಂದಾಜು ಮೌಲ್ಯದ ಶೇ. 100ರವರೆಗೆ ಮಾತ್ರ ಸಾಲ ಕೊಡುತ್ತದೆ. ಪೈಪೋಟಿಯಲ್ಲಿ ಅದರ ಮೇಲೆ ಕೂಗಿದ ಹಣವೂ ನೋಂದಣಿಯ ಖರ್ಚೂ ನಿಮ್ಮ ಉಳಿತಾಯದಿಂದಲೇ ಹೋಗಬೇಕು. ಸ್ವಂತ ವಾಸಕ್ಕಾದ್ದರಿಂದ ವರ್ಗಾವಣೆ ತೆರಿಗೆ ಶೇ. 2, ಎಂದರೆ 22,000 ಯೂರೋ. ವಾಸಕ್ಕಲ್ಲದೆ ಕೊಳ್ಳುವವರಿಗೆ 2023ರಿಂದ ಶೇ. 10.4 ಇತ್ತು, 2026ರಿಂದ ಅದನ್ನು ಶೇ. 8ಕ್ಕೆ ಇಳಿಸಿದ್ದಾರೆ. ಕರಾರಿಗೆ ಸಹಿ ಬಿದ್ದ ಮೇಲೆ ಬೆಲೆಯ ಶೇ. 10ರಷ್ಟನ್ನು ಠೇವಣಿಯಾಗಿಯೋ ಬ್ಯಾಂಕ್ ಖಾತರಿಯಾಗಿಯೋ ನೋಟರಿಯಲ್ಲಿ ಇಡುವುದು ರೂಢಿ.

ಒಂದು ಸಮಾಧಾನದ ಸಂಗತಿಯಿದೆ. ಆಮ್‌ಸ್ಟರ್‌ಡ್ಯಾಮಿನ ಬೇರೆ ಬಡಾವಣೆಗಳಲ್ಲಿ ಕೊಳ್ಳುವವರ ನಿದ್ದೆ ಕೆಡಿಸುವ ಎರ್ಫ್‌ಪಾಖ್ಟ್, ಅಂದರೆ ನೆಲ ನಗರಸಭೆಯದ್ದು, ನೀವು ಅದಕ್ಕೆ ಗೇಣಿ ಕೊಡುವವರು ಎಂಬ ಪದ್ಧತಿ, ಶುರುವಾದದ್ದು 1896ರಲ್ಲಿ. ಕಾಲುವೆ ವಲಯ ಅದಕ್ಕಿಂತ ಬಹಳ ಹಿಂದಿನದಾದ್ದರಿಂದ ಅಲ್ಲಿನ ಬಹುಪಾಲು ಮನೆಗಳ ನೆಲ ಮಾಲೀಕರದ್ದೇ. ಆದರೂ ಹಕ್ಕುಪತ್ರದಲ್ಲಿ ನೋಡಿಕೊಳ್ಳಿ.

ಇನ್ನು, ಕಾಲುವೆ ಮನೆಯ ಬೆಲೆ ಏರುತ್ತಲೇ ಇರುತ್ತದೆ ಎಂಬ ಮಾತಿಗೆ ಮರುಳಾಗಬೇಡಿ. ಪೀಟ್ ಐಕ್‌ಹೋಲ್ಟ್ಸ್ ಎಂಬ ಅರ್ಥಶಾಸ್ತ್ರಜ್ಞರು ಹೆರೆನ್‌ಗ್ರಾಖ್ಟಿನ ಮನೆಗಳ ಮಾರಾಟದ ದಾಖಲೆಗಳಿಂದ 1628ರಿಂದ 1973ರವರೆಗಿನ ಬೆಲೆಯ ಸೂಚ್ಯಂಕವನ್ನು ಕಟ್ಟಿದ್ದಾರೆ. ಹಣದುಬ್ಬರವನ್ನು ಕಳೆದರೆ ಮೂರೂವರೆ ಶತಮಾನದಲ್ಲಿ ಬೆಲೆ ಹೆಚ್ಚುಕಡಿಮೆ ಎರಡರಷ್ಟಾಗಿದೆ, ಅಷ್ಟೇ, ವರ್ಷಕ್ಕೆ ಶೇ. 0.2 ಎಂದಿಟ್ಟುಕೊಳ್ಳಿ. ನಡುವೆ, ಫ್ರೆಂಚರ ಆಳ್ವಿಕೆಯ ಕಾಲದಲ್ಲಿ, ಬೆಲೆ ನೆಲ ಕಚ್ಚಿತ್ತು.

ಯೊರ್ದಾನ್ ನಿವಾಸಿ

1973ಕ್ಕೆ ನಿಲ್ಲಿಸಿ ಲೆಕ್ಕ ಹೇಳಿದರೆ ಹೇಗೆ ಲೆಕ್ಕಿಗರೇ? ಆಗ ಆಮ್‌ಸ್ಟರ್‌ಡ್ಯಾಮಿನ ಒಳಭಾಗ ಬಿಟ್ಟು ಜನ ಹೊರಗೆ ಹೋಗುತ್ತಿದ್ದ ಕಾಲ. ಆಮೇಲಿನ ಐವತ್ತು ವರ್ಷಗಳನ್ನು ಸೇರಿಸಿದರೆ ಚಿತ್ರವೇ ಬೇರೆ.

ಲೆಕ್ಕಿಗ

ಸೇರಿಸಿ ನೋಡಿ, ನಾನು ಬೇಡವೆನ್ನುವುದಿಲ್ಲ. ಈಗಿನ ಏರಿಕೆಯ ತುದಿಯಲ್ಲಿ ಕೊಳ್ಳುತ್ತಿರುವವರು ಹಿಂದಿನವರ ಲಾಭವನ್ನು ತಮ್ಮದೆಂದು ಎಣಿಸಬಾರದು ಎಂದಷ್ಟೇ ನನ್ನ ವಾದ.

ಪರವಾನಗಿ ಪತ್ರ

ಅಡುಗೆಮನೆಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ರಾಷ್ಟ್ರೀಯ ಸ್ಮಾರಕವೆಂದರೆ ಬೀದಿಗೆ ಕಾಣುವ ಮುಖವಷ್ಟೇ ಅಲ್ಲ. ಒಳಗಿನ ಮೆಟ್ಟಿಲು, ತೊಲೆ, ಗೋಡೆ, ಬೆಂಕಿಗೂಡು, ಅಮೃತಶಿಲೆಯ ನೆಲಹಾಸು ಎಲ್ಲವೂ ರಕ್ಷಣೆಗೆ ಒಳಪಟ್ಟವು. ಸ್ಮಾರಕಗಳ ದಾಖಲೆಯಲ್ಲಿ ಮುಂಗೋಡೆಯ ವರ್ಣನೆ ಎರಡೇ ಸಾಲಿನಲ್ಲಿದೆ, ಹಾಗಾಗಿ ಒಳಗೆ ಏನು ಬೇಕಾದರೂ ಮಾಡಬಹುದು ಎಂದು ಕೆಲವು ದಲ್ಲಾಳಿಗಳು ಹೇಳುತ್ತಾರೆ, ಅದು ತಪ್ಪು. ಬಣ್ಣ ಬಳಿಯುವಂಥ ಸಾಮಾನ್ಯ ನಿರ್ವಹಣೆ ಬಿಟ್ಟು ಏನನ್ನೇ ಬದಲಾಯಿಸಿದರೂ ನಗರಸಭೆಯ ಅನುಮತಿ ಬೇಕಾಗಬಹುದು. ಅಡುಗೆಯ ಕಟ್ಟೆಯನ್ನು ಸರಿಸುವುದು ಕಷ್ಟವಲ್ಲ. ಅದಕ್ಕೆ ಬೇಕಾದ ನೀರಿನ ಕೊಳವೆ ಮತ್ತು ಹೊಗೆಯ ಕೊಳವೆ ನಿಮ್ಮ ಚಿತ್ತಾರದ ತೊಲೆಗಳ ನಡುವೆ ಹಾಯಬೇಕಾದರೆ ಅಲ್ಲಿಯೇ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ. ಒಗ್ಗರಣೆಯ ಹೊಗೆ ಆ ಬಣ್ಣಕ್ಕೆ ಏನು ಮಾಡೀತು ಎಂದೂ ಯೋಚಿಸಿ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಹಿಂದಿನ ಮಾಲೀಕರು ಅನುಮತಿಯಿಲ್ಲದೆ ಗೋಡೆ ಒಡೆದಿದ್ದರೆ, ಅದನ್ನು ಮೊದಲಿನಂತೆ ಮಾಡಿ ಎಂಬ ನೋಟೀಸು ಇಂದಿನ ಮಾಲೀಕರಿಗೆ ಬರುತ್ತದೆ. ವೈಜೆಲ್‌ಸ್ಟ್ರಾಟ್‌ನಲ್ಲಿರುವ ನಗರ ದಾಖಲೆಗಾರದಲ್ಲಿ ಹಳೆಯ ಕಟ್ಟಡ ನಕ್ಷೆಗಳು ಸಿಗುತ್ತವೆ. ಅವನ್ನು ಕೈಯಲ್ಲಿ ಹಿಡಿದು ಕೋಣೆ ಕೋಣೆ ಸುತ್ತಿ ಹೋಲಿಸಿ. ನಕ್ಷೆಯಲ್ಲಿದ್ದ ಗೋಡೆ ಮನೆಯಲ್ಲಿಲ್ಲದಿದ್ದರೆ ಅದರ ಅನುಮತಿ ಪತ್ರವನ್ನು ಕೇಳಿ.

ಹಿಂದಿನ ತೋಟದಲ್ಲಿ ಕೋಣೆ ಕಟ್ಟುವ ಆಸೆಯಿದ್ದರೆ ಈಗಲೇ ಬಿಡಿ. ಆ ಮನೆಗಳ ಹಿಂದಿನ ತೋಟಗಳನ್ನು ಬಯಲಾಗಿಯೇ ಉಳಿಸಬೇಕೆಂಬ ಕಟ್ಟಳೆ 17ನೇ ಶತಮಾನದಿಂದಲೇ ಇದೆ.

ಚಳಿಗಾಲದ ಕಂಬಳಿ

ಕಿಟಕಿಗೆ ಎರಡು ಪದರದ ಗಾಜು ಹಾಕಿಸಲು ಬಿಡುತ್ತಾರೆಯೇ? ನಮ್ಮ ಸ್ನೇಹಿತರ ಮನೆಯಲ್ಲಿ ಜನವರಿಯಲ್ಲಿ ಕೋಟು ತೆಗೆಯದೆ ಊಟ ಮಾಡಿದ್ದೇವೆ.

ಪರವಾನಗಿ ಪತ್ರ

ಹಳೆಯ ಚೌಕಟ್ಟೂ ಹಳೆಯ ಗಾಜೂ ಉಳಿದಿದ್ದರೆ ಅದನ್ನು ಕಿತ್ತು ದಪ್ಪ ಗಾಜು ಕೂರಿಸಲು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅದರ ಒಳಬದಿಗೆ ಇನ್ನೊಂದು ಕಿಟಕಿಯನ್ನು ಸೇರಿಸುವ ದಾರಿ ಇದೆ, ಬಹಳ ಮನೆಗಳಲ್ಲಿ ಹಾಗೆಯೇ ಮಾಡಿದ್ದಾರೆ. ಹಣದ ಬಗ್ಗೆ ಹೇಳುವುದಾದರೆ, ಸ್ಮಾರಕದ ನಿರ್ವಹಣೆಗೆ ಮೊದಲಿದ್ದ ಆದಾಯ ತೆರಿಗೆಯ ವಿನಾಯಿತಿಯನ್ನು 2019ರಲ್ಲಿ ತೆಗೆದು, ಅದರ ಬದಲು ಒಪ್ಪಿತ ಖರ್ಚಿನ ಶೇ. 38ರಷ್ಟು ಸಹಾಯಧನದ ಯೋಜನೆ ತಂದರು. ಅದು ಇರುವುದನ್ನು ಉಳಿಸುವ ಕೆಲಸಕ್ಕೆ, ಹೊಸ ಸ್ನಾನದ ಮನೆಗಲ್ಲ.

ಮೂರನೇ ಮಹಡಿ

ನಾನು ಕೈಜರ್ಸ್‌ಗ್ರಾಖ್ಟ್ ಕಾಲುವೆಯ ದಡದಲ್ಲಿ, ಹೀಗೆಯೇ ಹಲವು ಮನೆಗಳಾಗಿ ಭಾಗವಾದ ಕಟ್ಟಡವೊಂದರಲ್ಲಿ ಮೇಲಿನ ಮಹಡಿಯ ಮಾಲೀಕಳು. ಇಲ್ಲಿಯವರೆಗೆ ಎಲ್ಲರೂ ಕಟ್ಟಡದ ಬಗ್ಗೆ ಬರೆದಿರಿ. ನನ್ನ ಅನುಭವದಲ್ಲಿ ಅದಕ್ಕಿಂತ ಮೊದಲು ನೋಡಬೇಕಾದದ್ದು ಮಾಲೀಕರ ಸಂಘದ ಲೆಕ್ಕಪುಸ್ತಕ. ನಾಲ್ಕೇ ಮನೆಗಳ ಸಂಘವೆಂದರೆ ಸಂಸಾರವಿದ್ದಂತೆ, ಒಬ್ಬರು ಮುನಿಸಿಕೊಂಡರೆ ಎಲ್ಲ ಕೆಲಸವೂ ನಿಲ್ಲುತ್ತದೆ. ನಮ್ಮಲ್ಲಿ ಚಾವಣಿ ಸೋರುತ್ತಿದ್ದಾಗ ಕೆಳಗಿನವರು ತಮಗೇನೂ ಸೋರುತ್ತಿಲ್ಲವಲ್ಲ ಎಂದು ಮತ ಹಾಕಲು ತಿಂಗಳುಗಟ್ಟಲೆ ಬರಲೇ ಇಲ್ಲ.

2018ರ ಕಾನೂನಿನ ಪ್ರಕಾರ ಸಂಘವು ಬಹುವರ್ಷಗಳ ನಿರ್ವಹಣಾ ಯೋಜನೆಗೆ ತಕ್ಕಂತೆ ಹಣ ಕೂಡಿಡಬೇಕು, ಅಂಥ ಯೋಜನೆ ಇಲ್ಲದಿದ್ದರೆ ಕಟ್ಟಡವನ್ನು ಮತ್ತೆ ಕಟ್ಟುವ ಮೌಲ್ಯದ ಕನಿಷ್ಠ ಶೇ. 0.5ರಷ್ಟನ್ನು ಪ್ರತಿವರ್ಷ ತೆಗೆದಿಡಬೇಕು. ಸಣ್ಣ ಸಂಘಗಳಲ್ಲಿ ಇದು ಕಾಗದದ ಮೇಲಷ್ಟೇ ಇರುವುದನ್ನು ನಾನು ಕಂಡಿದ್ದೇನೆ. ಕಳೆದ ಕೆಲವು ವರ್ಷಗಳ ಸಭೆಯ ನಡಾವಳಿಗಳನ್ನು ಕೇಳಿ ಪಡೆದು ಓದಿ. 'ಅಡಿಪಾಯದ ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು' ಎಂಬ ಸಾಲು ಪ್ರತಿ ವರ್ಷವೂ ಕಂಡರೆ ನಿಮಗೆ ಬೇಕಾದ ಉತ್ತರ ಅಲ್ಲಿದೆ.

ಇಟ್ಟಿಗೆ ಗಾರೆ

ಮೂರನೇ ಮಹಡಿಯವರ ಮಾತಿಗೆ ನನ್ನ ಸಂಪೂರ್ಣ ಸಹಮತವಿದೆ. ಅದಕ್ಕೆ ಸೇರಿಸಬೇಕಾದ ಕಹಿ ಸಂಗತಿಯೊಂದಿದೆ. ಅಡಿಪಾಯ ಬದಲಾಯಿಸುವಾಗ ಸಾಮಾನ್ಯವಾಗಿ ಕೆಳಗಿನ ನೆಲವನ್ನು ಪೂರ್ತಿ ಅಗೆದು, ಉಕ್ಕಿನ ಕೊಳವೆಗಳನ್ನು ತುಂಡು ತುಂಡಾಗಿ ಜೋಡಿಸುತ್ತಾ ಮನೆಯೊಳಗಿನಿಂದಲೇ ಆಳಕ್ಕೆ ಇಳಿಸಿ, ಮೇಲೆ ದಪ್ಪ ಕಾಂಕ್ರೀಟ್ ಹಾಸು ಹಾಕಿ ಅದನ್ನು ಹಳೆಯ ಗೋಡೆಗಳ ಒಳಗೆ ಹಲ್ಲಿನಂತೆ ಕಚ್ಚಿಸುತ್ತಾರೆ. ಒಂದು ಕಟ್ಟಡಕ್ಕೆ ಖರ್ಚು ಲಕ್ಷ ಯೂರೋ ದಾಟುವುದು ಅಪರೂಪವೇನಲ್ಲ. ಖರ್ಚನ್ನು ನಾಲ್ವರೂ ಹಂಚಿಕೊಳ್ಳುತ್ತಾರೆ, ಆದರೆ ತಿಂಗಳುಗಟ್ಟಲೆ ಮನೆ ಖಾಲಿ ಮಾಡಬೇಕಾದವರು ಕೆಳಗಿನವರು ಮಾತ್ರ. ಬಾಡಿಗೆದಾರರೇ, ನೀವು ನೋಡಿರುವುದು ಆ ಕೆಳಗಿನ ಮನೆಯನ್ನೇ.

ಎಡಗೋಡೆಯನ್ನೂ ಅದರ ಪೈಲುಗಳನ್ನೂ ನೆರೆಮನೆಯೊಂದಿಗೆ ಹಂಚಿಕೊಂಡಿರುವ ಸಾಧ್ಯತೆ ಬಹಳ. ಅವರು ಅಡಿಪಾಯ ಗಟ್ಟಿ ಮಾಡಿಸಿ ನೀವು ಮಾಡಿಸದಿದ್ದರೆ ಒಂದು ಬದಿ ನಿಲ್ಲುತ್ತದೆ, ಇನ್ನೊಂದು ಬದಿ ಇಳಿಯುತ್ತಲೇ ಇರುತ್ತದೆ. ಆದ್ದರಿಂದ ಎರಡೂ ಪಕ್ಕದ ಮನೆಗಳಲ್ಲಿ ಏನಾಗಿದೆ ಎಂಬುದನ್ನೂ ವಿಚಾರಿಸಬೇಕು.

ವಾರಾಂತ್ಯದ ಅತಿಥಿ

ಇಷ್ಟೆಲ್ಲ ಖರ್ಚಿದ್ದರೆ ಅರೆನೆಲಮಾಳಿಗೆಯನ್ನು ಪ್ರವಾಸಿಗರಿಗೆ ದಿನದ ಬಾಡಿಗೆಗೆ ಕೊಟ್ಟು ಸಾಲ ತೀರಿಸಬಹುದಲ್ಲವೇ?

ಲೆಕ್ಕಿಗ

ಆಮ್‌ಸ್ಟರ್‌ಡ್ಯಾಮಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಸ್ವಂತ ಮನೆಯನ್ನು ಪ್ರವಾಸಿಗರಿಗೆ ಕೊಡುವುದಕ್ಕೆ ವರ್ಷಕ್ಕೆ 30 ರಾತ್ರಿಗಳ ಮಿತಿಯನ್ನು 2019ರಲ್ಲೇ ತಂದಿದ್ದರು, ಅದಕ್ಕೂ ಪರವಾನಗಿ ಮತ್ತು ನೋಂದಣಿ ಸಂಖ್ಯೆ ಬೇಕು. ಒಳನಗರದಲ್ಲಿ ನಿಯಮ ಬಿಗಿಯಾಗುತ್ತಲೇ ಇದೆ. ಪ್ರವಾಸಿಗರ ಹಣವನ್ನು ನಂಬಿ ಸಾಲ ಮಾಡಬೇಡಿ.

ಸೇತುವೆ ಪಕ್ಕ

ಜನಜಂಗುಳಿಯ ಬಗ್ಗೆ ಕೇಳಿದ್ದಿರಿ. ಪ್ರಿನ್ಸೆನ್‌ಗ್ರಾಖ್ಟಿನ ಎಲ್ಲ ಭಾಗವೂ ಒಂದೇ ರೀತಿ ಇಲ್ಲ. ಆ್ಯನ್ ಫ್ರಾಂಕ್ ಮನೆಯ ಸುತ್ತ ಬೆಳಗಿನಿಂದ ರಾತ್ರಿಯವರೆಗೆ ಜನವೇ ಜನ, ಅದೇ ಕಾಲುವೆಯ ದಕ್ಷಿಣದ ತುದಿಯಲ್ಲಿ ಬಾತುಕೋಳಿಯ ಕೂಗು ಕೇಳುತ್ತದೆ. ಬೇಸಿಗೆಯಲ್ಲಿ ದೋಣಿಗಳ ಗಲಾಟೆ, ಏಪ್ರಿಲ್ 27ರ ರಾಜನ ದಿನ, ಆಗಸ್ಟಿನ ಮೊದಲ ಶನಿವಾರದ ಪ್ರೈಡ್ (ಲೈಂಗಿಕ ಅಲ್ಪಸಂಖ್ಯಾತರ ಹಬ್ಬ) ದೋಣಿ ಮೆರವಣಿಗೆ ಎಲ್ಲವೂ ನಿಮ್ಮ ಕಿಟಕಿಯ ಮುಂದೆಯೇ. ನೆಲಮಹಡಿಯಾದ್ದರಿಂದ ಹಾದುಹೋಗುವವರು ನಿಮ್ಮ ಊಟದ ತಟ್ಟೆಯೊಳಗೂ ಇಣುಕುತ್ತಾರೆ.

ಇದಕ್ಕಿಂತ ಹೆಚ್ಚು ತೊಂದರೆ ಕೊಡುವುದು ದಡಗೋಡೆಗಳ ರಿಪೇರಿ. ನಗರದಲ್ಲಿ ಸುಮಾರು 200 ಕಿ.ಮೀ. ಉದ್ದದ ದಡಗೋಡೆಗಳೂ ಮರದ ಪೈಲುಗಳ ಮೇಲೆಯೇ ನಿಂತಿವೆ, ಕುದುರೆ ಗಾಡಿಗಳ ಕಾಲಕ್ಕೆ ಕಟ್ಟಿದ ಅವುಗಳ ಮೇಲೆ ಈಗ ಲಾರಿಗಳು ಓಡುತ್ತವೆ. 2020ರ ಸೆಪ್ಟೆಂಬರ್ 1ರಂದು ಗ್ರಿಮ್‌ಬರ್ಗ್‌ವಾಲ್‌ನಲ್ಲಿ ಒಂದು ಭಾಗ ಕಾಲುವೆಗೆ ಕುಸಿದುಬಿತ್ತು. ಆಮೇಲೆ ರಿಪೇರಿಯ ಕೆಲಸ ಚುರುಕಾಗಿದೆ. ನಿಮ್ಮ ದಡದ ಸರದಿ ಯಾವಾಗ ಎಂದು ನಗರಸಭೆಯಲ್ಲಿ ವಿಚಾರಿಸಿ. ಒಳನಗರಕ್ಕೆ 7.5 ಟನ್‌ಗಿಂತ ಭಾರದ ವಾಹನ ಬರಬೇಕಾದರೆ ವಿಶೇಷ ಅನುಮತಿ ಬೇಕು, ಮನೆಯ ಕೆಲಸಕ್ಕೆ ಸಾಮಾನು ತರಿಸುವಾಗ ಇದರ ಬಿಸಿ ತಟ್ಟುತ್ತದೆ.

ಯೊರ್ದಾನ್ ನಿವಾಸಿ

ಎಲ್ಲರೂ ಸೇರಿ ಅವರನ್ನು ಮತ್ತೆ ಆಮ್‌ಸ್ಟೆಲ್‌ವೀನಿಗೇ ಓಡಿಸುವ ಹಾಗಿದೆ. ಚಳಿಗಾಲದ ಬೆಳಗ್ಗೆ ಆ ಎತ್ತರದ ಕಿಟಕಿಯಿಂದ ಒಳಬರುವ ಬೆಳಕನ್ನು ಹೊಸ ಬಡಾವಣೆಯಲ್ಲಿ ತೋರಿಸಿ, ನಾನು ಸುಮ್ಮನಾಗುತ್ತೇನೆ.

ಹಳೆಯ ನಕಾಶೆ

ಬೆಳಕಿನ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ 2008ರಲ್ಲಿ ವೈಜೆಲ್‌ಗ್ರಾಖ್ಟಿನಲ್ಲಿ ಮೆಟ್ರೋ ನಿಲ್ದಾಣಕ್ಕೆ ಅಗೆಯುವಾಗ ಗೋಡೆ ಸೋರಿ ಮಣ್ಣು ಹರಿದು, ನೇಕಾರರಿಗಾಗಿ ಕಟ್ಟಿದ್ದ ಸಾಲುಮನೆಗಳಲ್ಲಿ ಕೆಲವು 20 ಸೆಂಟಿಮೀಟರಿಗೂ ಹೆಚ್ಚು ಕುಸಿದವು. ಅಲ್ಲಿನವರಿಗೂ ಅದೇ ಬೆಳಕಿತ್ತು.

ಬಾಡಿಗೆದಾರ

ಎಲ್ಲರಿಗೂ ಧನ್ಯವಾದ. ನಿನ್ನೆ ಮತ್ತೊಮ್ಮೆ ಹೋಗಿ ನೋಡಿ ಬಂದೆವು. ಬಾಗಿಲಿನ ಕೊಯ್ದ ಅಂಚಿನ ಮೇಲೆ ಹಸಿರು, ಕೆನೆ, ಬಿಳಿ ಎಂದು ಬಣ್ಣದ ಪದರಗಳು ಕಾಣುತ್ತವೆ. ಆದರೆ ಅರೆನೆಲಮಾಳಿಗೆಯ ಎಡಗೋಡೆಯ ಹೊಸ ಗಿಲಾವಿನಲ್ಲಿ ಕೂದಲೆಳೆಯಂಥ ಓರೆ ಬಿರುಕೊಂದಿದೆ. ಸಂಘದ ನಡಾವಳಿಗಳನ್ನು ಕೇಳಿದ್ದಕ್ಕೆ ಕಳುಹಿಸುತ್ತೇವೆ ಎಂದಿದ್ದಾರೆ. ಅಡಿಪಾಯದ ವರದಿ ಇಲ್ಲವಂತೆ. ಕರಾರಿನ ಕರಡಿನಲ್ಲಿ, ಮನೆ ಹಳೆಯದಾದ್ದರಿಂದ ಹೊಸ ಮನೆಯ ಗುಣಮಟ್ಟವನ್ನು ಕೊಳ್ಳುವವರು ನಿರೀಕ್ಷಿಸುವಂತಿಲ್ಲ ಎಂಬ ಷರತ್ತಿದೆ. ಅದನ್ನು ತೆಗೆಸಬಹುದೇ?

ಪರವಾನಗಿ ಪತ್ರ

ಆ ಷರತ್ತು ಇಲ್ಲಿನ ಹಳೆಯ ಮನೆಗಳ ಕರಾರುಗಳಲ್ಲೆಲ್ಲ ಇರುತ್ತದೆ, ತೆಗೆಸುವುದು ಕಷ್ಟ. ತನಗೆ ಗೊತ್ತಿರುವ ದೋಷವನ್ನು ಮುಚ್ಚಿಡುವ ಹಕ್ಕನ್ನು ಅದು ಮಾರುವವರಿಗೆ ಕೊಡುವುದಿಲ್ಲ. ಆದರೆ ವಿಚಾರಿಸಿ ನೋಡುವ ಹೊಣೆ ನಿಮ್ಮ ಮೇಲೂ ಇದೆ. ಅಡಿಪಾಯದ ಬಗ್ಗೆ ಬರವಣಿಗೆಯಲ್ಲಿ ಪ್ರಶ್ನೆ ಕೇಳಿ, ಉತ್ತರವನ್ನು ಬರವಣಿಗೆಯಲ್ಲೇ ಪಡೆಯಿರಿ. ಸಾಲ ಸಿಗದಿದ್ದರೆ ಕರಾರು ರದ್ದು ಎಂಬ ಷರತ್ತಿನ ಪಕ್ಕದಲ್ಲೇ, ಅಡಿಪಾಯದ ಪರೀಕ್ಷೆಯಲ್ಲಿ ಇಂತಿಷ್ಟು ವರ್ಷಗಳ ಭರವಸೆ ಸಿಗದಿದ್ದರೂ ರದ್ದು ಎಂಬ ಷರತ್ತನ್ನು ಬರೆಸಿ.

ಯೊರ್ದಾನ್ ನಿವಾಸಿ

ಹಾಗೆ ಬರೆಸಿದರೆ ಷರತ್ತಿಲ್ಲದೆ ಕೊಳ್ಳುವ ಇನ್ನೊಬ್ಬರಿಗೆ ಮನೆ ಹೋಗುತ್ತದೆ, ಅದನ್ನೂ ಹೇಳಿ.

ಇಟ್ಟಿಗೆ ಗಾರೆ

ಹೋದರೆ ಹೋಗಲಿ, ಆ ಬಿರುಕೂ ಅವರ ಜೊತೆಗೇ ಹೋಗುತ್ತದೆ. ಬಾಡಿಗೆದಾರರೇ, ಗುಂಡಿ ತೋಡಲು ಮಾರುವವರ ಮತ್ತು ಮಾಲೀಕರ ಸಂಘದ ಒಪ್ಪಿಗೆ ಬೇಕು, ಕೆಲಸಕ್ಕೂ ಸಮಯ ಹಿಡಿಯುತ್ತದೆ. ಸಹಿಯಾದ ಕರಾರಿನ ಪ್ರತಿ ಕೈಸೇರಿದ ಮೇಲೆ ಕಾರಣ ಹೇಳದೆ ಹಿಂದೆ ಸರಿಯಲು ಕಾನೂನು ಕೊಡುವುದು ಮೂರೇ ದಿನ. ಅಷ್ಟರೊಳಗೆ ಯಾವ ವರದಿಯೂ ಬರುವುದಿಲ್ಲ. ಆದ್ದರಿಂದ ಪರೀಕ್ಷೆಯ ಷರತ್ತಿಗೆ ಆರು ವಾರಗಳ ಅವಧಿ ಕೇಳಿ, ನಾಲ್ಕಕ್ಕೆ ಒಪ್ಪಿಕೊಳ್ಳಿ. ಈ ಮಧ್ಯೆ ಎಡಪಕ್ಕದ ಮನೆಯ ಕರೆಗಂಟೆ ಒತ್ತಿ, ಅವರ ಅಡಿಪಾಯ ಯಾವಾಗ ಹೊಸದಾಯಿತು ಎಂದು ಕೇಳಿ. ಅದಕ್ಕೆ ಯಾರ ಒಪ್ಪಿಗೆಯೂ ಬೇಕಾಗಿಲ್ಲ.

ಬಾಡಿಗೆದಾರ

ಶನಿವಾರ ಹೋಗುತ್ತೇವೆ. ಅವರು ಏನು ಹೇಳಿದರೆಂದು ಇಲ್ಲಿಯೇ ಬರೆಯುತ್ತೇನೆ.